ಮೂರನೇ ಕೂಗು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ ಐದು ಸ್ಟೀಲ್ ಡಬ್ಬಿಗಳಲ್ಲಿ ಮೂರನೆಯದರ ಮುಚ್ಚಳ ಸ್ವಲ್ಪ ಸಡಿಲವಾಗಿತ್ತು. ಅದರಲ್ಲಿ ಹುರಿಗಡಲೆ ಇರುತ್ತಿತ್ತು. ಕಿವಿಗೆ ಏನೂ ಕೇಳಿಸುವ ಮೊದಲೇ ಆ ಮುಚ್ಚಳ ನಡುಗಲು ಶುರುವಾಗುತ್ತಿತ್ತು. ಸಣ್ಣಗೆ, ಒಂದೇ ಸಮನೆ, ಚಳಿಗೆ ಹಲ್ಲು ಕಡಿದ ಹಾಗೆ. ಅಮ್ಮ ಒಲೆಯ ಮುಂದಿನಿಂದ ಸರಿಯದೆ ಎಡಗೈ ಚಾಚಿ ಅದರ ಮೇಲೆ ಅಂಗೈ ಇಡುತ್ತಿದ್ದಳು. ನಡುಕ ಅವಳ ಕೈಯೇರಿ ಬಳೆಗಳಲ್ಲಿ ಸದ್ದಾಗುತ್ತಿತ್ತು. ‘ಬಂದ್ರು’ ಎನ್ನುತ್ತಿದ್ದಳು. ಆಮೇಲೂ ಒಂದಷ್ಟು ಹೊತ್ತು ಏನೂ ಇಲ್ಲ. ನಾನು ಎಣಿಸುತ್ತಿದ್ದೆ. ಹದಿನೈದೋ ಇಪ್ಪತ್ತೋ ಆದ ಮೇಲೆ ದೊಡ್ಡ ರಸ್ತೆಯ ಕಡೆಯಿಂದ ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಸ್ಪೀಕರ್ ಬಾಕ್ಸುಗಳ ಸದ್ದು ಬರುತ್ತಿತ್ತು, ಸದ್ದಿನ ಹಿಂದೆ ಹುಡುಗರು.

ನಮ್ಮ ಮನೆ ಇದ್ದದ್ದು ಚಿತ್ರದುರ್ಗದಲ್ಲಿ, ಕೋಟೆಯ ಬಂಡೆಗಳು ಇಳಿದು ಬಂದು ಊರಿಗೆ ತಾಗುವ ಕಡೆ. ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಅಪ್ಪನ ಕೆಲಸದ ಕೋಣೆ, ನಡುವಿನದರಲ್ಲಿ ಅಜ್ಜಿಯ ಮಂಚ, ಟೀವಿ, ನಮ್ಮ ಪುಸ್ತಕ, ಹಾಸಿಗೆ ಎಲ್ಲವೂ, ಹಿಂದಿನದು ಅಡುಗೆಮನೆ. ನಡುಮನೆಯ ಮೇಲೆ ಒಂದು ಅಟ್ಟ, ಅದಕ್ಕೊಂದು ಮರದ ಏಣಿ. ಹಿತ್ತಲಿಗೆ ಗೋಡೆ ಕಟ್ಟಿಸುವ ಅಗತ್ಯವೇ ಬಿದ್ದಿರಲಿಲ್ಲ, ಅಲ್ಲಿ ಬಂಡೆಯೇ ಇತ್ತು. ಅಮ್ಮ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಜೋರಾಗಿ ಕರೆದರೆ ಬಂಡೆ ಆ ಕರೆಯನ್ನು ಒಂದು ಕ್ಷಣ ತನ್ನಲ್ಲೇ ಇಟ್ಟುಕೊಂಡು ಹಿತ್ತಲಿನಿಂದ ವಾಪಸು ಕೊಡುತ್ತಿತ್ತು. ಹೊಸಬರು ಬೆಚ್ಚಿ ಹಿಂದೆ ನೋಡುತ್ತಿದ್ದರು. ನಮಗೆ ಅದು ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ರೂಢಿಯಾಗಿತ್ತು.

ಅಪ್ಪ ತಿಪ್ಪೇಸ್ವಾಮಿ ಸ್ಪೀಕರ್ ರಿಪೇರಿ ಮಾಡುತ್ತಿದ್ದರು. ಹರಿದ ರಟ್ಟಿನ ಕೋನ್ ತೆಗೆದು ಹೊಸದನ್ನು ಅಂಟಿಸುವುದು, ಸುಟ್ಟ ತಾಮ್ರದ ತಂತಿಯ ಕಾಯಿಲನ್ನು ಮತ್ತೆ ಸುತ್ತುವುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಸ್ಸಿನ ಮೇಲೆ ಹಾಕಿ ಕಳಿಸಿದ ಬಾಕ್ಸುಗಳು ನಮ್ಮ ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ಮನೆಯಲ್ಲಿ ಯಾವಾಗಲೂ ಗೋಂದಿನ ವಾಸನೆ. ಸಾರಿಗೂ ಅದೇ ವಾಸನೆ ಎಂದು ಅಣ್ಣ ಮುಖ ಸಿಂಡರಿಸುತ್ತಿದ್ದ. ನನ್ನ ಪಾಲಿಗೆ ಎರಡು ಕೆಲಸಗಳಿದ್ದವು. ಒಂದು, ಟಾರ್ಚಿನ ಶೆಲ್ಲಿನಿಂದ ತಂತಿ ಎಳೆದು ಸ್ಪೀಕರಿನ ಹಿಂದೆ ತಂತಿ ಸೇರುವ ಎರಡು ಕಿವಿಗೆ ಮುಟ್ಟಿಸಿ, ಕೋನ್ ಮುಂದಕ್ಕೆ ಬಂದರೆ ಪ್ಲಸ್ ತಾಗಿದ ಕಿವಿಗೆ ಕೆಂಪು ಚುಕ್ಕೆ ಇಡುವುದು. ಇನ್ನೊಂದು, ಅಪ್ಪ ಹಾಡು ಹಾಕಿದಾಗ ಕಣ್ಣು ಮುಚ್ಚಿ ನಿಂತು, ಎಲ್ಲಾದರೂ ಪರಪರ ಎನ್ನುತ್ತದೆಯೇ ಎಂದು ಹೇಳುವುದು. ಅಪ್ಪನ ಕಿವಿ ಚೆನ್ನಾಗಿಯೇ ಇತ್ತು. ನನ್ನದು ಅದಕ್ಕಿಂತ ಚೆನ್ನಾಗಿತ್ತು. ಆರನೇ ತರಗತಿಯಲ್ಲಿರುವಾಗಲೇ ಕೂದಲೆಳೆಯಷ್ಟು ಸೀಳನ್ನು ಕೇಳಿಯೇ ಹುಡುಕುತ್ತಿದ್ದೆ. ಮನೆಯಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೊಂದಕ್ಕೇ.

ಅಜ್ಜಿ ಅಪ್ಪನ ತಾಯಿ, ಐಮಂಗಲದ ಆಚೆಯ ಹಟ್ಟಿಯಿಂದ ಬಂದವಳು, ಕುರಿ ಕಾಯ್ದು ಬೆಳೆದವಳು. ಬೇಸಿಗೆಯಲ್ಲೂ ತೊಡೆಯ ಮೇಲೆ ಕಂಬಳಿ. ಕತ್ತಲಾದ ಮೇಲೆ ಹೊರಗಿನಿಂದ ಯಾರು ಕರೆದರೂ ಮೂರು ಸಲ ಕರೆಯುವವರೆಗೆ ಓಗೊಡಬಾರದು ಎನ್ನುವುದು ಅವಳು ಈ ಮನೆಗೆ ತಂದ ಕಟ್ಟಳೆ. ಯಾಕೆ ಎಂದು ಕೇಳಿದರೆ ಅವಳ ಉತ್ತರ ಯಾವಾಗಲೂ ಒಂದೇ.

“ಸತ್ತೋರೂ ಕರೀತಾರೆ ಕಣೆ. ಎರಡು ಸಲ ಕರೀತಾರೆ. ಮೂರನೇದಕ್ಕೆ ಅವರತ್ರ ಉಸುರು ಇರಂಗಿಲ್ಲ.”

ಬಂಡೆ ವಾಪಸು ಹೇಳಿದ್ದನ್ನು ಎಣಿಕೆಗೆ ಹಿಡಿಯಬಾರದು ಎಂಬ ಉಪನಿಯಮವೂ ಇತ್ತು. ಹಾಲಿನವನು, ಪಕ್ಕದ ಮನೆಯವರು, ಅಮ್ಮನ ತವರು ಶ್ರೀರಾಂಪುರದಿಂದ ಬಂದ ಮಾವ, ಎಲ್ಲರೂ ನಮ್ಮ ಬಾಗಿಲಲ್ಲಿ ಮೂರು ಸಲ ಕೂಗಿ ಅಭ್ಯಾಸ ಮಾಡಿಕೊಂಡಿದ್ದರು. ಶಾಲೆಯಲ್ಲಿ ಹಾಜರಿ ಕರೆದಾಗ ನಾನು ಮೊದಲ ಕರೆಗೆ ಬಾಯಿ ಬಿಡದೆ, ಎಷ್ಟೋ ದಿನ ಗೈರುಹಾಜರಿ ಹಾಕಿಸಿಕೊಂಡಿದ್ದೇನೆ. ಈಗಲೂ ಯಾರಾದರೂ ನನ್ನ ಹೆಸರು ಕರೆದರೆ ತಕ್ಷಣ ತಿರುಗುವುದಿಲ್ಲ. ಜಂಬ ಎಂದುಕೊಳ್ಳುತ್ತಾರೆ. ವಿವರಿಸಲು ಹೋಗುವುದಿಲ್ಲ.

ನನ್ನ ಅಣ್ಣನ ಹೆಸರು ದಯಾನಂದ. ನನಗಿಂತ ಮೂರು ವರ್ಷ ದೊಡ್ಡವನು. ಮನೆಯಲ್ಲಿ ಎಲ್ಲರಿಗೂ ದಯ, ನನಗೆ ಅಣ್ಣ. ಪೂರ್ತಿ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಓದಿನಲ್ಲಿ ಸಾಧಾರಣ, ಮಾತಿನಲ್ಲಿ ಅದಕ್ಕಿಂತ ಕಡಿಮೆ. ನಾಲ್ಕು ಜನ ಸೇರಿದ ಕಡೆ ಅವನು ಐದನೆಯವನಾಗಿ ಸ್ವಲ್ಪ ದೂರದಲ್ಲಿ ನಿಲ್ಲುತ್ತಿದ್ದ. ಅವನಿಗೆ ಹದಿನೆಂಟಾದ ವರ್ಷ ನಮ್ಮ ಮುಂದಿನ ಕೋಣೆಗೆ ಕಾಟಣ್ಣ ಬಂದ.

ಕಾಟಣ್ಣ ಹಿರಿಯೂರು ಕಡೆಯ ಹಾಡುಗಾರ. ಅವನೂ ಕುರಿಯವರ ಮನೆಯವನೇ. ಮದುವೆ, ಗೃಹಪ್ರವೇಶ, ಮೆರವಣಿಗೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ನಿಂತು ಹಾಡುತ್ತಿದ್ದ; ಫೋನುಗಳಲ್ಲೆಲ್ಲ ಅವನೇ. ಬಲಗೈ ಮಣಿಕಟ್ಟಿಗೆ ಕಂಬಳಿಯ ಒಂದು ಕರಿ ಎಳೆ ಕಟ್ಟಿಕೊಳ್ಳುತ್ತಿದ್ದ. ಹಾಡು ಶುರು ಮಾಡುವ ಮೊದಲು ತನ್ನ ಬಾಕ್ಸು ಹೊರುವ ಹುಡುಗರನ್ನು ಮೈಕಿನಲ್ಲಿ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವುದು ಅವನ ಪದ್ಧತಿ. ‘ಮಂಜಾ, ಬಂದ್ಯಾ?’ ಎಂದರೆ ಮಂಜ ಎಲ್ಲಿದ್ದರೂ ‘ಬಂದೆ ಅಣ್ಣಾ’ ಎಂದು ಮುಂದೆ ಬರಬೇಕು. ಹಾಡು ಕೇಳುವುದಕ್ಕಿಂತ ಹೆಚ್ಚಾಗಿ ಇದನ್ನು ನೋಡಲೆಂದೇ ಹುಡುಗರು ಹೋಗುತ್ತಿದ್ದರು. ಅವನ ಫೋನಿನಲ್ಲಿ ಇಂಥ ಕರೆಗಳು ಐವತ್ತರಷ್ಟು ರೆಕಾರ್ಡ್ ಆಗಿದ್ದವು. ಅವನು ಅಂದು ಬಂದದ್ದು ಸುಟ್ಟ ಎರಡು ಸ್ಪೀಕರುಗಳನ್ನು ಹಿಡಿದುಕೊಂಡು. ಅಪ್ಪ ಕೆಲಸ ಮುಗಿಸಿದ ಮೇಲೆ ಅಣ್ಣ ಅವನ್ನು ಹೊತ್ತುಕೊಂಡು ಹೋಗಿ ಗಾಡಿಗೆ ಇಟ್ಟ. ನಾನು ಬಾಗಿಲಲ್ಲಿದ್ದೆ.

“ಏನಪ್ಪ ನಿನ್ನೆಸ್ರು?”

“ದಯಾನಂದ.”

“ಉದ್ದ ಐತಲ್ಲೋ. ಗಂಟ್ಲು ಕಟ್ಟೈತೆ ಇವತ್ತು. ಮುಂದಿನ ಸಲ ಬಂದಾಗ ಫೋನಲ್ಲಿ ಹೇಳಿಡ್ತೀನಿ ತಗ.”

ಮುಂದಿನ ಸಲ ಬರಲಿಲ್ಲ. ಹನ್ನೆರಡು ದಿನಗಳ ನಂತರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಬೈಕು ಗುದ್ದಿ ಸತ್ತ. ಅಣ್ಣ ಎರಡು ದಿನ ಊಟ ಬಿಟ್ಟ. ಅಪ್ಪ ಅದನ್ನು ನೋಡಿ, ತಾನು ಸತ್ತರೂ ಇವನು ಇಷ್ಟು ಮಾಡುವುದಿಲ್ಲ ಎಂದು ನಗಾಡಿದರು. ಅಣ್ಣ ನಗಲಿಲ್ಲ.

ಕಾಟಣ್ಣನ ಹುಡುಗರು ಬಳಗ ಕಟ್ಟಿಕೊಂಡರು. ಮೊದಮೊದಲು ಭಾವಚಿತ್ರಕ್ಕೆ ಹಾರ, ನೀರಿನ ಅರವಟ್ಟಿಗೆ, ಗೋಡೆಗೆ ಪೋಸ್ಟರು. ಬಳಗದ ಮುಂದಾಳು ಸೀನ, ಇಪ್ಪತ್ತೈದರ ಆಸುಪಾಸು, ಬೈಕುಗಳ ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ದನಿ ಎತ್ತದೆ ಮಾತಾಡುತ್ತಿದ್ದ. ಕಾಟಣ್ಣನ ಫೋನು ಅವನ ಬಳಿ ಉಳಿದಿತ್ತು. ಟ್ರ್ಯಾಕ್ಟರು ಹೊರಡುವ ಮೊದಲು ಸೀನ ಆ ಕರೆಗಳನ್ನು ಬಾಕ್ಸಿನಲ್ಲಿ ಹಾಕುತ್ತಿದ್ದ. ಸತ್ತವನು ಒಬ್ಬೊಬ್ಬರನ್ನೇ ಕೇಳುತ್ತಿದ್ದ, ಬಂದ್ಯಾ ಎಂದು. ಬದುಕಿದ್ದವರು ಒಬ್ಬೊಬ್ಬರೇ ಬಂದೆ ಅಣ್ಣಾ ಎನ್ನುತ್ತ ಮುಂದೆ ನಿಲ್ಲುತ್ತಿದ್ದರು. ಪಾಲಯ್ಯ ಎಂಬವನ ಹೆಸರಿನ ಕೊನೆಗೆ ಕಾಟಣ್ಣ ಚೂರು ನಗುತ್ತಿದ್ದ, ಎದುರಿಗೆ ಬಂದವನನ್ನು ಕಂಡವನ ಹಾಗೆ. ಆ ನಗು ಪ್ರತಿ ಸಲವೂ ಅಷ್ಟೇ ಉದ್ದ, ಅಷ್ಟೇ ಸಣ್ಣ. ನಮ್ಮ ಮನೆಯ ಮಾಳಿಗೆಗೆ ಅದು ಎರಡು ಸಲ ಕೇಳಿಸುತ್ತಿತ್ತು, ಒಮ್ಮೆ ರಸ್ತೆಯಿಂದ, ಒಮ್ಮೆ ಬಂಡೆಯಿಂದ.

ನನ್ನ ಅಣ್ಣ ಆ ಗುಂಪಿನ ಅಂಚಿನಲ್ಲಿ ನಿಂತು ಬರುತ್ತಿದ್ದ. ಕಂಬಳಿಯ ಎಳೆ ಕಟ್ಟಿಕೊಳ್ಳುವ ಹಕ್ಕು ಅಣ್ಣ ಕರೆದವರಿಗೆ ಮಾತ್ರ ಎಂದು ಬಳಗದಲ್ಲಿ ನಿಯಮವಾಗಿತ್ತು. ‘ಅಣ್ಣ’ ಎಂದರೆ ಅವರಿಗೆ ಕಾಟಣ್ಣ. ಇವನೂ ಮನೆಯಲ್ಲಿ ಊಟಕ್ಕೆ ಕುಳಿತಾಗೆಲ್ಲ ಅಣ್ಣ ಹೀಗಂದಿದ್ದ, ಅಣ್ಣ ಹಾಗಂದಿದ್ದ ಎಂದು ಶುರು ಮಾಡಿದ. ಯಾವಾಗಿನಿಂದ ಎಂದು ಸರಿಯಾಗಿ ಹೇಳಲಾರೆ, ನಾನು ಅವನನ್ನು ಅಣ್ಣ ಎಂದು ಕರೆಯುವುದು ನಿಂತುಹೋಯಿತು. ಆ ಪದ ಸತ್ತವನ ಪಾಲಾಗಿತ್ತು. ಬೇರೆ ಪದ ನನಗೆ ಸಿಗಲಿಲ್ಲ. ಇಲ್ಲಿಂದ ಮುಂದೆ ನಾನು ಅವನನ್ನು ದಯ ಎಂದೇ ಬರೆಯುತ್ತೇನೆ.

ನಾನು ಆಗ ಪಿಯುಸಿ ಮೊದಲ ವರ್ಷ. ದಯನ ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕು ಎನಿಸಿತು. ಫೋನಿನಲ್ಲಿ ಹಾಡು ಕತ್ತರಿಸಿ ಜೋಡಿಸುವ ಒಂದು ಆ್ಯಪ್ ಇತ್ತು. ಕಾಲೇಜಿಗೆ ರಜೆ ಇದ್ದ ಎರಡು ಮಧ್ಯಾಹ್ನ ಅಟ್ಟದ ಮೇಲೆ ಕೋನಿನ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು ಕಾಟಣ್ಣನ ಹಾಡುಗಳನ್ನೆಲ್ಲ ಕೇಳಿದೆ. ಒಂದು ಹಾಡಿನಲ್ಲಿ ಅವನು ದಯಾ ತೋರೇ ಎಂದು ಹುಡುಗಿಯನ್ನು ಬೇಡುತ್ತಾನೆ. ಅಲ್ಲಿಂದ ‘ದಯಾ’ ತೆಗೆದೆ. ಇನ್ನೊಂದರಲ್ಲಿ ಈ ತಪ್ಪು ನಂದಲ್ಲ ಎನ್ನುತ್ತಾನೆ, ಅಲ್ಲಿಂದ ‘ನಂದ’. ‘ಬಂದ್ಯಾ’ ಎನ್ನುವುದನ್ನು ಮಂಜನ ಕರೆಯಿಂದ ತೆಗೆದೆ, ಮೆರವಣಿಗೆಯ ಒಂದು ವೀಡಿಯೊದಲ್ಲಿ ಅದು ಸಿಕ್ಕಿತ್ತು. ಮೂರನ್ನೂ ಜೋಡಿಸಿ, ಹಿಂದೆ ಜನರ ಗದ್ದಲ ಸೇರಿಸಿದೆ. ದಯಾ ಮತ್ತು ನಂದ ಇವೆರಡರ ನಡುವೆ ಒಂದು ಸಂದು ಉಳಿಯಿತು. ಉಗುರಿನಿಂದ ಕಾಗದ ಗೀರಿದಷ್ಟು. ಎಷ್ಟು ತಿದ್ದಿದರೂ ಹೋಗಲಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಅಟ್ಟದ ಮೇಲೆ, ಆ ಸೆಕೆಯಲ್ಲಿ, ಸತ್ತವನೊಬ್ಬ ನನ್ನ ಅಣ್ಣನನ್ನು ಹೆಸರು ಹಿಡಿದು ಕರೆದ. ತೋಳಿನ ಮೇಲೆ ನವಿರೆದ್ದವು. ಭಯವೂ ಆಯಿತು, ಚೆನ್ನಾಗಿ ಬಂದಿದೆ ಎಂದು ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ, ಹೆಮ್ಮೆಯೇ.

ನಾನೇ ಮಾಡಿದ್ದು ಎಂದು ಹೇಳಿ ಕೊಟ್ಟಿದ್ದರೆ ಅದು ಬರೀ ಆಟವಾಗಿರುತ್ತಿತ್ತು. ಕೊಡುವಾಗ ಅವನ ಮುಖ ನೋಡಿದೆ, ಬೇರೆ ಮಾತು ಬಾಯಿಗೆ ಬಂತು. ಅಪ್ಪನ ಕೋಣೆಯಲ್ಲಿ ಗಿರಾಕಿಗಳು ಬಿಟ್ಟುಹೋದ ಮೆಮೊರಿ ಕಾರ್ಡುಗಳ ಒಂದು ಡಬ್ಬಿ ಇತ್ತು. ಅದರಲ್ಲೊಂದರಲ್ಲಿ ಸಿಕ್ಕಿತು, ಅವತ್ತು ಬಂದು ಹೋದ ಮೇಲೆ ಹೇಳಿಟ್ಟಿರಬೇಕು ಎಂದೆ. ದಯ ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಲಿಗೆ ಹೋದ. ಬಂಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದ. ಒಳಗೆ ಬಂದಾಗ ಅವನ ಹಣೆಯಲ್ಲಿ ಕಲ್ಲಿನ ಗುರುತಿತ್ತು. ಅಜ್ಜಿಯ ಕಂಬಳಿಯ ಅಂಚಿನಿಂದ ಒಂದು ಎಳೆ ಎಳೆದುಕೊಂಡ.

“ಲೇ, ಮೈ ಮುಚ್ಚೋದುನ್ನ ಬಿಚ್ತೀಯಲ್ಲೋ,” ಎಂದಳು ಅಜ್ಜಿ.

“ಒಂದೇ ಎಳೆ ಅಜ್ಜಿ. ಅಣ್ಣ ಕರದವ್ನೆ.”

ಆ ಕರೆ ಕಾಟಣ್ಣನ ಫೋನಿಗೆ ಹೋಗಿ ಸೀನನ ಹಾಜರಿಗೆ ಸೇರಿತು. ಎಳೆಯೂ ಒಂದಕ್ಕೇ ನಿಲ್ಲಲಿಲ್ಲ. ಬಳಗ ಬೆಳೆದ ಹಾಗೆ ಎಲ್ಲರಿಗೂ ಎಳೆ ನಮ್ಮ ಮನೆಯಿಂದಲೇ ಹೋಯಿತು. ಅಜ್ಜಿಯ ಕಂಬಳಿ ಒಂದು ಅಂಚಿನಿಂದ ತೆಳುವಾಗುತ್ತ ಬಂತು.

ಆಮೇಲಿನದು ನಿಧಾನವಾಗಿ ನಡೆಯಿತು, ಹಾಗಾಗಿ ಯಾವ ದಿನದಿಂದ ತಪ್ಪಿತು ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಹೊಳಲ್ಕೆರೆ ರಸ್ತೆಯ ಹುಡುಗರು ಬೇರೆ ಬಳಗ ಕಟ್ಟಿದರು. ಕಾಟಣ್ಣ ಕೊನೆಗೆ ಹಾಡಿದ, ಇನ್ನೂ ಯಾರೂ ಕೇಳದ ಹಾಡು ತಮ್ಮ ಬಳಿ ಇದೆ ಎಂದರು. ನಮ್ಮವರು ಅದು ತಮಗೆ ಸೇರಬೇಕು ಎಂದರು. ಆ ಬಳಗದ ಹಾಡು ಹಾಕಿದ ಚಹಾದಂಗಡಿಯ ಸ್ಪೀಕರಿಗೆ ಚೂರಿ ಇಳಿಯಿತು. ಅದು ರಿಪೇರಿಗೆ ನಮ್ಮಲ್ಲಿಗೇ ಬಂತು. ಅಪ್ಪ ಸೀಳನ್ನು ಬೆರಳಿನಿಂದ ಸವರಿ, ಇದು ಹರಿದದ್ದಲ್ಲ ಎಂದರು. ಹೊಳಲ್ಕೆರೆ ರಸ್ತೆಯ ಗುಂಪಿನ ಒಬ್ಬನಿಗೆ ಹಿರಿಯೂರಿನಲ್ಲಿ ಹೊಡೆತ ಬಿತ್ತು, ನಮ್ಮ ಒಬ್ಬನಿಗೆ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ. ಬಾಕ್ಸು ಮುಚ್ಚುವ ದಪ್ಪ ಬಟ್ಟೆಯ ಚೀಲದಲ್ಲಿ ಬಾಕ್ಸು ಅಲ್ಲದ್ದನ್ನೂ ಸಾಗಿಸಲು ಶುರುವಾಯಿತು. ಸಂಜೆ ಹಾಜರಿ ಕರೆಯುವುದು ಈಗ ಹಾಡಿಗಾಗಿ ಅಲ್ಲ, ಅಂದಿನ ಕೆಲಸಕ್ಕಾಗಿ. ಸೀನ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಕರೆಯುವವನು ಕಾಟಣ್ಣ.

ಪಾಲಯ್ಯ ಮದುವೆ ಗೊತ್ತಾದ ಮೇಲೆ ಹೋಗುವುದನ್ನು ಬಿಟ್ಟ. ಅವನ ಮನೆ ನಮ್ಮ ಬೀದಿಯ ಕೊನೆಗೆ. ಒಂದು ಸಂಜೆ ಆಟೋದಲ್ಲಿ ಒಂದೇ ಒಂದು ಬಾಕ್ಸು ತಂದು ಅವನ ಬಾಗಿಲಿಗೆ ಎದುರಾಗಿ ಇಟ್ಟರು. ಏಳೆಂಟು ಹುಡುಗರು ಕೈ ಕಟ್ಟಿ ನಿಂತರು; ಯಾರೂ ಬೈಯಲಿಲ್ಲ, ಬಾಗಿಲು ತಟ್ಟಲಿಲ್ಲ. ಕಾಟಣ್ಣ ಕರೆದ, ನಕ್ಕ. ಮತ್ತೆ ಕರೆದ, ನಕ್ಕ. ಪಾಲಯ್ಯನ ತಾಯಿ ಹೊರಗೆ ಬಂದು ಬಾಕ್ಸಿಗೆ ಕೈ ಮುಗಿದಳು. ಹುಡುಗರಿಗಲ್ಲ, ಬಾಕ್ಸಿಗೆ. ನಾನು ಮಾಳಿಗೆಯಿಂದ ನೋಡುತ್ತಿದ್ದೆ. ಮೂರನೆಯ ಸಂಜೆ ಪಾಲಯ್ಯ ಬರಿಗಾಲಲ್ಲಿ, ಊಟದ ಕೈ ತೊಳೆಯದೆ ಹೊರಗೆ ಬಂದ. ಬಂದೆ ಅಣ್ಣಾ ಎಂದ.

ನಮ್ಮ ಬಳಗದ ಬಾಕ್ಸು ಒಮ್ಮೆ ರಿಪೇರಿಗೆ ಬಂದಾಗ ಸೀನ ಪರೀಕ್ಷೆಗೆಂದು ಹಾಜರಿ ಹಾಕಿದ. ದಯನ ಹೆಸರು ಬಂದಾಗ ಅಪ್ಪ ತಲೆ ಓರೆ ಮಾಡಿದರು. ಕೋನಿನಲ್ಲಿ ಎಲ್ಲೋ ಸೀಳಿದೆ ಎಂದು ಬಾಕ್ಸು ಬಿಚ್ಚಿದರು. ಬೆಳಕಿಗೆ ಹಿಡಿದು ಸುತ್ತಲೂ ನೋಡಿದರು. ಸೀಳು ಇರಲಿಲ್ಲ. ಮತ್ತೆ ಅದೇ ಹೆಸರನ್ನು ಹಾಕಿಸಿಕೊಂಡು ಕೇಳಿ, ಈ ಸಲ ಬಾಕ್ಸನ್ನು ನೋಡದೆ ನನ್ನನ್ನು ನೋಡಿದರು. ನಾನು ಕೆಂಪು ಚುಕ್ಕೆ ಇಡುತ್ತ ಕುಳಿತಿದ್ದೆ. ಅಪ್ಪ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿಮಾಡಿ ಬಾಕ್ಸನ್ನು ಗೋಡೆಗೆ ತಿರುಗಿಸಿಟ್ಟರು. ಆ ದಿನ ಅವರು ಕೇಳಿದ್ದರೆ ಹೇಳುತ್ತಿದ್ದೆನೇ ಎಂದು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಆ ವರ್ಷದ ಕೊನೆಗೆ, ಒಂದು ಮಧ್ಯಾಹ್ನ ದಯ ನನ್ನ ಪಕ್ಕ ಬಂದು ಕುಳಿತ. ಬೇರೆ ಬಳಗದವರು ಭರಮಸಾಗರದಲ್ಲಿ ಮದುವೆಯೊಂದಕ್ಕೆ ಹಾಡು ಹಾಕಲು ಹೋಗಿದ್ದಾರೆ, ವಾಪಸು ಬರುವಾಗ ಕೆರೆ ಏರಿಯ ಹತ್ತಿರ ತಡೆಯುವುದು ಎಂದು ತೀರ್ಮಾನವಾಗಿದೆ, ಮಚ್ಚುಗಳ ಚೀಲ ಹಿಡಿಯುವುದು ತನ್ನ ಪಾಲಿಗೆ ಬಂದಿದೆ ಎಂದ. ಚೀಲ ಹಿಡಿದವನೇ ಮೊದಲು ಇಳಿಯಬೇಕು. ಮೊದಲು ಹೊಡೆಯುವವನೂ ಅವನೇ, ಹೊಡೆತ ತಿನ್ನುವವನೂ ಅವನೇ. ಹೋಗುವುದಿಲ್ಲ ಎಂದ. ಮಣಿಕಟ್ಟಿನ ಎಳೆಯನ್ನು ಬೆರಳಿನಿಂದ ತಿರುಗಿಸುತ್ತಲೇ ಇದ್ದ. ಸಂಜೆ ಅಟ್ಟ ಹತ್ತಿ ಪೆಟ್ಟಿಗೆಗಳ ಹಿಂದೆ ಕುಳಿತ. ಅವನಿಗೆ ಜ್ವರ ಎಂದು ಅಮ್ಮನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ ಮುಂಬಾಗಿಲ ಚಿಲಕ ಹಾಕಿ ಬಂದಳು.

ದೀಪ ಹಚ್ಚುವ ಹೊತ್ತು. ಅಮ್ಮ ಮುದ್ದೆ ತೊಳಸುತ್ತಿದ್ದಳು, ಅಪ್ಪ ಮುಂದಿನ ಕೋಣೆಯಲ್ಲಿ ಕಾಯಿಲು ಸುತ್ತುತ್ತಿದ್ದರು. ಮೂರನೇ ಡಬ್ಬಿಯ ಮುಚ್ಚಳ ನಡುಗಿತು. ಅಮ್ಮನ ಎರಡು ಕೈಯೂ ಕೋಲಿನ ಮೇಲಿದ್ದವು. ನಾನೇ ಹೋಗಿ ಅಂಗೈ ಇಟ್ಟೆ. ಆಟೋ ನಮ್ಮ ಬಾಗಿಲಲ್ಲಿ ನಿಂತಿತು. ಬಾಕ್ಸು ಇಳಿಸಿದ ಸದ್ದು. ಆಮೇಲೆ ಬೀದಿಯಲ್ಲಿ ಏನೂ ಇಲ್ಲ, ನಾಯಿಯೂ ಬೊಗಳಲಿಲ್ಲ.

“ದಯಾನಂದ, ಬಂದ್ಯಾ?”

ಹಿತ್ತಲಿನ ಬಂಡೆ ಅದನ್ನೇ ಹೇಳಿತು. ಮುಂದೆಯೂ ಅವನೇ, ಹಿಂದೆಯೂ ಅವನೇ, ನಡುವೆ ನಮ್ಮ ಮೂರು ಕೋಣೆ. ಅಜ್ಜಿ ಮಂಚದ ಮೇಲೆ ನೆಟ್ಟಗೆ ಕುಳಿತು ಒಂದು ಬೆರಳು ಮಡಚಿದಳು. ಎರಡನೆಯ ಸಲ ಕರೆದ. ಎರಡನೆಯ ಬೆರಳು. ಅಪ್ಪನ ಕೋಣೆಯಲ್ಲಿ ಕಾಯಿಲು ಸುತ್ತುವ ಸದ್ದು ನಿಂತಿತು. ಮೂರನೆಯ ಸಲ ಕರೆದಾಗ ಅಟ್ಟದ ಹಲಗೆ ಕಿರುಗುಟ್ಟಿತು. ದಯನ ಕಾಲು ಏಣಿಯ ಮೇಲಿನ ಮೆಟ್ಟಿಲಿಗೆ ಬಂತು. ಏಣಿಯ ಬುಡದಲ್ಲಿ ನಾನು ಅಡ್ಡ ನಿಂತೆ.

“ಸೀನ ಕರದಿದ್ರೆ ಹೋಗ್ತಿರ್ಲಿಲ್ಲ,” ಎಂದ. ಅವನ ದನಿಯಲ್ಲಿ ಈಗ ಹೆದರಿಕೆ ಇರಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. “ಅಣ್ಣ ಕರೀತಾನೆ. ನಂಗೆ ಅಂತ ಹೇಳಿಟ್ಟು ಹೋಗವ್ನೆ. ಸರಿ ಆಕಡೆ.”

“ಅದು ಅವ್ನಲ್ಲ.”

“ಮತ್ಯಾರು?”

“ನಾನು. ದಯಾ ಒಂದು ಹಾಡಿಂದ ತಗಂಡೆ, ನಂದ ಇನ್ನೊಂದ್ರಿಂದ. ಬಂದ್ಯಾ ಅನ್ನೋದು ಮಂಜಂದು.”

ದಯ ಇಳಿಯುತ್ತಿದ್ದವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತ.

“ಮೆಮೊರಿ ಕಾರ್ಡು?”

“ಇರ್ಲಿಲ್ಲ.”

ಹೊರಗೆ ನಾಲ್ಕನೆಯ ಸಲ ಕರೆದ. ಅಜ್ಜಿಗೆ ಮಡಚಲು ಬೆರಳು ಇತ್ತು, ಮಡಚಲಿಲ್ಲ. ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

“ಮೂರು ದಾಟ್ತಲ್ಲೇ,” ಎಂದಳು. ಅವಳ ಆಯಸ್ಸಿನ ಲೆಕ್ಕವೇ ತಪ್ಪಿದ ಹಾಗೆ ನನ್ನನ್ನು ನೋಡಿದಳು.

ನಾನು ಫೋನು ತೆಗೆದುಕೊಂಡು ಮುಂದಿನ ಕೋಣೆಗೆ ನಡೆದೆ. ಅಪ್ಪ ನನಗಿಂತ ಮೊದಲೇ ಎದ್ದು ಚಿಲಕ ತೆಗೆದಿದ್ದರು. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಎಂಟು ಜನ ಹುಡುಗರು, ಎಂಟು ಮಣಿಕಟ್ಟಿನಲ್ಲಿ ಅಜ್ಜಿಯ ಕಂಬಳಿಯ ಎಳೆ. ಎಲ್ಲರೂ ನನಗೆ ಗೊತ್ತಿದ್ದವರೇ. ಸೀನನಿಗೆ ಹೇಳಿದೆ, ಇದು ನಾನು ಜೋಡಿಸಿದ್ದು, ಕಾಟಣ್ಣ ನಮ್ಮ ದಯನ ಹೆಸರು ಯಾವತ್ತೂ ಹೇಳಿಲ್ಲ ಎಂದು. ಅವನು ನಂಬಲಿಲ್ಲ. ಮೊದಲ ಹಾಡು ಹಾಕಿದೆ, ಎರಡನೆಯದು ಹಾಕಿದೆ, ಮಂಜನ ಕರೆ ಹಾಕಿದೆ. ಮಂಜ ಅಲ್ಲೇ ಇದ್ದ. ಅವನ ತುಟಿ ತಾನಾಗಿ ಅಲುಗಿತು. ಕೊನೆಗೆ ಜೋಡಿಸಿದ್ದನ್ನು ಹಾಕಿ, ಸಂದು ಬರುವಲ್ಲಿ ಬೆರಳೆತ್ತಿದೆ. ಸೀನ ಇನ್ನೊಮ್ಮೆ ಹಾಕು ಎಂದ. ಹಾಕಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಒಂದು ಹೆಜ್ಜೆ ಹತ್ತಿರ ಬಂದು, ಉಳಿದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ.

“ನನ್ನೆಸ್ರೂ ಅಣ್ಣ ಹೇಳಿಲ್ಲ ತಂಗಿ. ಎಲ್ರುನ್ನೂ ನಾನೇ ಕರೀತೀನಿ, ನನ್ನ ಕರೆಯೋರಿಲ್ಲ. ಇವ್ರ್ಯಾರ್ಗೂ ಗೊತ್ತಿಲ್ಲ. ಹಿಂಗೇ ನಂಗೊಂದು ಮಾಡ್ಕೊಡ್ತೀಯಾ?”

“ಆಗಲ್ಲ. ಸೀ ಅಂತ ಅವ್ರು ಎಲ್ಲೂ ಹಾಡಿಲ್ಲ.”

“ಸೀರೆ ಪದ ಐತಲ್ಲ.”

ಐದು ಹಾಡುಗಳಲ್ಲಿ ಸೀರೆ ಇತ್ತು. ಅವನು ನನಗಿಂತ ಮೊದಲೇ ಹುಡುಕಿಟ್ಟಿದ್ದ. ಅವನ ಕಣ್ಣು ನನ್ನ ಫೋನಿನ ಮೇಲಿತ್ತು. ಆ ಕ್ಷಣದಲ್ಲಿ ನನಗೆ ತಿಳಿಯಿತು, ಒಮ್ಮೆ ಹೂಂ ಎಂದರೆ ಅವನ ಹೆಸರಿಗೆ ಮುಗಿಯುವುದಿಲ್ಲ, ನಾಳೆ ಕಾಟಣ್ಣ ಹೇಳಬೇಕಾದ್ದನ್ನೆಲ್ಲ ನಾನೇ ಹೇಳಿಸಬೇಕಾಗುತ್ತದೆ ಎಂದು. ಇನ್ನೂ ಒಂದು ತಿಳಿಯಿತು, ಅದು ನನ್ನಿಂದ ಆಗುತ್ತದೆ ಎಂದು.

“ಮಾಡಲ್ಲ,” ಎಂದೆ.

ಸೀನ ತಲೆಯಾಡಿಸಿದ. ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ, ಅಣ್ಣ ಕರೆಯದೆ ಇರುವವನು ನಮಗೆ ಬೇಡ, ಎಳೆ ಬಿಚ್ಚಿಸಿಕೊಂಡು ಬಾ ಎಂದ. ಒಳಗೆ ಹೋದೆ. ದಯ ಮೆಟ್ಟಿಲ ಮೇಲೆಯೇ ಇದ್ದ. ನನ್ನ ಕಡೆ ನೋಡದೆ ಕೈ ಚಾಚಿದ. ಅಪ್ಪನ ಕತ್ತರಿಯಿಂದ ಎಳೆ ಕತ್ತರಿಸಿದೆ. ಅದರ ಕೆಳಗಿನ ಚರ್ಮ ಬೆಳ್ಳಗಿತ್ತು. ನಾನು ತಂದುಕೊಟ್ಟ ಎಳೆಯನ್ನು ಸೀನ ಜೇಬಿಗೆ ಹಾಕಿಕೊಂಡ, ನನ್ನೆದುರೇ ಕಾಟಣ್ಣನ ಫೋನಿನಿಂದ ಆ ಹೆಸರು ಅಳಿಸಿದ. ಯಾರೋ ಹೋಗಾಣ ಎಂದರು. ಆಟೋ ಹೊರಟಿತು. ಚೀಲ ಮಂಜನ ತೊಡೆಯ ಮೇಲೆ ಇದ್ದದ್ದನ್ನು ನಾನು ನೋಡಿದೆ.

ಕೆರೆ ಏರಿಯ ಹತ್ತಿರ ನಡೆದದ್ದು ನಮಗೆ ಮಲಗುವ ಮೊದಲೇ ತಿಳಿಯಿತು. ಮಂಜನ ಬಲಗೈಯ ಎರಡು ಬೆರಳು ಹೋದವು. ಬಂದ್ಯಾ ಎನ್ನುವುದನ್ನು ನಾನು ಎರವಲು ತಂದದ್ದು ಅವನಿಂದ. ಬಳಗ ಆಮೇಲೆ ಬಹಳ ದಿನ ಉಳಿಯಲಿಲ್ಲ; ಕೆಲವರನ್ನು ಪೊಲೀಸರು ಒಯ್ದರು, ಕೆಲವರು ತಾವಾಗಿ ಚದುರಿದರು. ಮುಂದೆ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದುವಾಗ ಪ್ರಯೋಗಾಲಯದ ಪರದೆಯ ಮೇಲೆ ಮಾತಿನ ಅಲೆಗಳನ್ನು ತೋರಿಸುತ್ತ ಮೇಷ್ಟ್ರು ಒಂದು ಸಣ್ಣ ಲಂಬ ಗೆರೆಯ ಮೇಲೆ ಕಡ್ಡಿ ಇಟ್ಟು, ಇಲ್ಲಿ ಯಾರೋ ಕತ್ತರಿಸಿ ಜೋಡಿಸಿದ್ದಾರೆ ನೋಡಿ ಎಂದರು. ನಾನು ಅನುಮತಿ ಕೇಳಿ ಹೊರಗೆ ಹೋಗಿ ನೀರು ಕುಡಿದು ಬಂದೆ.

ಆ ರಾತ್ರಿ ದಯ ಅಟ್ಟದಿಂದ ಇಳಿಯಲಿಲ್ಲ. ಅಮ್ಮ ಏಣಿ ಹತ್ತಿ ಇಟ್ಟುಬಂದ ತಟ್ಟೆ ಹಾಗೇ ವಾಪಸು ಬಂತು.  ಅಪ್ಪ ದೀಪ ಆರಿಸುವಾಗ, ಅವತ್ತೇ ಕೇಳಬೇಕಿತ್ತು ನಾನು ಎಂದರು.

ಮರುದಿನ ಬೆಳಿಗ್ಗೆ ಅಮ್ಮ ಮಂಡಕ್ಕಿ ಒಗ್ಗರಣೆ ಹಾಕಿದಳು. ಮೂರನೇ ಡಬ್ಬಿಯಿಂದ ಹುರಿಗಡಲೆ ತೆಗೆದುಕೊಟ್ಟೆ. ಮುಚ್ಚಳ ನನ್ನ ಕೈಯಲ್ಲಿ ಸುಮ್ಮನಿತ್ತು. ತಿಂಡಿಗೆ ದಯನನ್ನು ಕರೆಯಬೇಕು, ಹೇಗೆ ಕರೆಯುವುದು ಎಂದು ಗೊತ್ತಾಗಲಿಲ್ಲ. ಅಣ್ಣ ಎನ್ನುವ ಪದ ಬಾಯಿಗೆ ಬರಲಿಲ್ಲ. ಏಣಿಯ ಬುಡದಲ್ಲಿ ನಿಂತು, ಮನೆಯಲ್ಲಿ ಯಾರೂ ಕರೆಯದ ಪೂರ್ತಿ ಹೆಸರನ್ನೇ ಕರೆದೆ. ಹಿತ್ತಲಿನ ಬಂಡೆ ಅದನ್ನು ವಾಪಸು ಕೊಟ್ಟಿತು. ಅಟ್ಟದಲ್ಲಿ ಸದ್ದಿಲ್ಲ. ಎರಡನೆಯ ಸಲ ಕರೆದಾಗ ನನ್ನ ದನಿಯಲ್ಲೂ ದಯಾ ಮತ್ತು ನಂದ ಇವುಗಳ ನಡುವೆ ಆ ಸಂದು ನನಗೆ ಕೇಳಿಸಿತು. ಅಜ್ಜಿ ಮಂಚದಿಂದ ನನ್ನನ್ನೇ ನೋಡುತ್ತಿದ್ದಳು, ಎರಡು ಬೆರಳು ಮಡಚಿ. ನಾನು ಉಸಿರು ತುಂಬಿಕೊಂಡೆ. ಮೂರನೆಯ ಸಲ, ನಡುವೆ ಎಲ್ಲೂ ನಿಲ್ಲಿಸದೆ, ಒಂದೇ ಉಸಿರಿಗೆ ಕರೆದೆ.

ಮೇಲೆ ಹಲಗೆ ಕಿರುಗುಟ್ಟಿತು. ನಾನು ಎರಡು ತಟ್ಟೆಗೆ ಮಂಡಕ್ಕಿ ಹಾಕಿದೆ.